ಹಳೆಯ ಜೀಪಿಗೆ ಇನ್ನಷ್ಟು ಲೋ ಆದ ಮೊದಲ ಗೇರ್: ಹಾಕಿಸುವುದೋ ಬೇಡವೋ?

ತೋಟದ ಜೀಪು, ಸೋಮವಾರಪೇಟೆ:
ನಮ್ಮದು ಸಿಜೆ-3ಬಿ ಮಾದರಿಯ ಹಳೆಯ ಮಹೀಂದ್ರ ಜೀಪ್. ಮೂರು ಗೇರ್‌ಗಳ ಟಿ-90 ಗೇರ್ ಬಾಕ್ಸ್. ಕುಯ್ಲಿನ ಸಮಯದಲ್ಲಿ ಹೊಳೆಯ ಬದಿಯಿಂದ ಕಾಫಿ ಹಣ್ಣಿನ ಚೀಲ ತುಂಬಿಕೊಂಡು ಕಣಕ್ಕೆ ಏರಬೇಕು. ನಡುವೆ ಎರಡು ಕಡಿದಾದ ತಿರುವುಗಳಿವೆ, ಹಾಫ್ ಕ್ಲಚ್ ಇಲ್ಲದೆ ದಾಟಲಾಗುವುದಿಲ್ಲ. ಕಣ ಮುಟ್ಟುವಷ್ಟರಲ್ಲಿ ಕ್ಲಚ್ ಪ್ಲೇಟಿನ ಕಮರು ವಾಸನೆ ಮೂಗಿಗೆ ಬಡಿಯುತ್ತದೆ. ಬೆಂಗಳೂರಿನ ಒಬ್ಬರು ನಾಲ್ಕು ಗೇರ್‌ಗಳ ಹಳೆಯ ಟಿ-18 ಗೇರ್ ಬಾಕ್ಸ್ ಕೊಡುತ್ತೇನೆ ಎನ್ನುತ್ತಿದ್ದಾರೆ. ಅದರ ಮೊದಲ ಗೇರ್ ಬಹಳ ಲೋ ಅಂತೆ, ಅಂದರೆ ವೇಗ ಕಡಿಮೆ, ಎಳೆತ ಜಾಸ್ತಿ. ಹಾಕಿಸಬಹುದೇ?

ಮಾಂದಲಪಟ್ಟಿ ಸ್ಟಿಯರಿಂಗ್:
ಬೇಡ ಅಣ್ಣ. ನಮ್ಮ ಕಡೆ ಇರುವುದು ಬಂಡೆಯಲ್ಲ, ಕೆಸರು. ಕೆಸರಿನಲ್ಲಿ ಚಕ್ರ ಸ್ವಲ್ಪ ವೇಗವಾಗಿ ತಿರುಗಿದರೆ ತಾನೇ ಟೈರಿನ ಹಲ್ಲಿಗೆ ಮೆತ್ತಿದ ಮಣ್ಣು ಉದುರುವುದು? ಅತಿ ಲೋ ಗೇರಿನಲ್ಲಿ ಟೈರು ಮಣ್ಣಿನ ಉಂಡೆಯಾಗಿ ನಿಂತಲ್ಲೇ ನಿಲ್ಲುತ್ತದೆ. ಅದೇ ದುಡ್ಡಿಗೆ ಒಳ್ಳೆಯ ಟೈರು ಹಾಕಿಸಿ, ಗಾಳಿ ಸ್ವಲ್ಪ ಇಳಿಸಿ ಓಡಿಸಿ.

ತೋಟದ ಜೀಪು:
ಕುಯ್ಲು ಡಿಸೆಂಬರಿನಿಂದ ಆಚೆಗೆ, ಆಗ ಕೆಸರೇ ಇರುವುದಿಲ್ಲ. ನನ್ನ ಗೋಳು ಒಣ ನೆಲದ ಏರಿನದು.

ಹಲ್ಲುಚಕ್ರ:
ಮೊದಲು ಲೆಕ್ಕ ಹಾಕೋಣ. ಟಿ-90ರ ಮೊದಲ ಗೇರ್ 2.80, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯ) ಲೋ 2.46, ಆಕ್ಸಲ್‌ನ ಕ್ರೌನ್-ಪಿನಿಯನ್ (ಚಕ್ರಗಳಿಗೆ ಬಲ ಕೊಡುವ ಕೊನೆಯ ಹಲ್ಲುಚಕ್ರ ಜೋಡಿ) 5.38. ಮೂರನ್ನೂ ಗುಣಿಸಿದರೆ 37, ಅಂದರೆ ಎಂಜಿನ್ 37 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಎಂಜಿನ್ 800 ಆರ್‌ಪಿಎಂನಲ್ಲಿ ಗುನುಗುತ್ತಿದ್ದರೆ 28 ಇಂಚಿನ ಟೈರಿನಲ್ಲಿ ಗಂಟೆಗೆ ಸುಮಾರು 3 ಕಿ.ಮೀ. ಇದು ನಡೆಯುವವನಿಗಿಂತ ನಿಧಾನ. ಟಿ-18ರ 6.32ರ ಮೊದಲ ಗೇರ್ ಬಂದರೆ ಗುಣಲಬ್ಧ 83 ದಾಟುತ್ತದೆ, ವೇಗ ಒಂದೂಕಾಲು ಕಿ.ಮೀ.ಗೆ ಇಳಿಯುತ್ತದೆ. ಇಷ್ಟು ಬೇಕೇ? ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಎಂಬಿ ಜೀಪಿನಲ್ಲಿ ಇದ್ದದ್ದು 26ಕ್ಕೂ ಕಡಿಮೆ.

ಗಾಳಿಬೀಡು ಗ್ಯಾರೇಜ್:
ಯುದ್ಧದಲ್ಲಿ ಕ್ಲಚ್ ಪ್ಲೇಟಿಗೆ ಯಾರೂ ತಮ್ಮ ಜೇಬಿನಿಂದ ದುಡ್ಡು ಕೊಟ್ಟಿರಲಿಲ್ಲ ಸಾರ್.

ಪ್ರಶ್ನೆ ಬೇರೆಯೇ ಇದೆ. 37 ಕೈಯಲ್ಲಿದ್ದರೂ ಅವರು ಹಾಫ್ ಕ್ಲಚ್ ಏಕೆ ಹಿಡಿಯುತ್ತಿದ್ದಾರೆ? ಲೋ ಹಾಕುತ್ತಿಲ್ಲವೇ?

ತೋಟದ ಜೀಪು:
ತಿರುವುಗಳಿಗೆ ಕಾಂಕ್ರೀಟ್ ಹಾಕಿಸಿದ್ದೇವೆ. ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಫೋರ್ ವೀಲ್ ಹಾಕದೆ ಲೋ ಬೀಳುವುದಿಲ್ಲ. ಫೋರ್ ವೀಲ್ ಹಾಕಿಕೊಂಡು ಕಾಂಕ್ರೀಟಿನಲ್ಲಿ ಪೂರ್ತಿ ತಿರುಗಿಸಿದರೆ ಸ್ಟಿಯರಿಂಗ್ ಕಲ್ಲಿನಂತಾಗುತ್ತದೆ, ಟೈರು ಕಿರುಗುಟ್ಟುತ್ತದೆ. ಆದ್ದರಿಂದ ಟೂ ವೀಲ್ ಹೈಯಲ್ಲೇ (ಲೋ ಇಲ್ಲದೆ, ಹಿಂದಿನ ಚಕ್ರಗಳಿಂದ ಮಾತ್ರ) ಏರಿಸುವುದು.

ಹಲ್ಲುಚಕ್ರ:
ಹಾಗಾದರೆ ನನ್ನ ಲೆಕ್ಕ ತಿದ್ದಬೇಕು. ಟೂ ವೀಲ್ ಹೈಯಲ್ಲಿ ಆ 2.46 ಲೆಕ್ಕಕ್ಕಿಲ್ಲ, ನಿಮಗೆ ಸಿಗುತ್ತಿರುವುದು ಬರೀ 15, ಅಂದರೆ ಅದೇ ಆರ್‌ಪಿಎಂನಲ್ಲಿ ಗಂಟೆಗೆ 7 ಕಿ.ಮೀ. ತುಂಬಿದ ಜೀಪಿಗೆ ಆ ತಿರುವಿನಲ್ಲಿ ಅದು ಹೆಚ್ಚೇ. ಟಿ-18 ಹಾಕಿದರೆ ಟೂ ವೀಲ್ ಹೈಯಲ್ಲೇ 34 ಸಿಗುತ್ತದೆ. ಕ್ಲಚ್ ಪೂರ್ತಿ ಬಿಟ್ಟು ತಿರುಗಬಹುದು. ಟ್ರಾನ್ಸ್‌ಫರ್ ಕೇಸಿನ ಲೋ ಎಷ್ಟು ಇಳಿಸಿದರೂ ಈ ಲಾಭ ಬರುವುದಿಲ್ಲ.

ಗಾಳಿಬೀಡು ಗ್ಯಾರೇಜ್:
ಲಾಭ ನಿಜ, ಖರ್ಚಿನ ಪಟ್ಟಿಯನ್ನೂ ಹೇಳಿ. ಟಿ-18 ಉದ್ದದಲ್ಲಿ ದೊಡ್ಡದು. ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ ಸರಿಯುತ್ತದೆ, ಅಲ್ಲಿಂದ ಆಕ್ಸಲ್‌ಗೆ ಬಲ ಒಯ್ಯುವ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಬೇಕು, ಮುಂದಿನದನ್ನು ಉದ್ದ ಮಾಡಿಸಬೇಕು. 80 ಇಂಚಿನ ವೀಲ್‌ಬೇಸಿನಲ್ಲಿ ಹಿಂದಿನ ಶಾಫ್ಟ್ ಮೊದಲೇ ಗಿಡ್ಡ. ಇನ್ನೂ ಗಿಡ್ಡವಾದರೆ ಕೋನ ಕಡಿದಾಗಿ ಜಾಯಿಂಟ್ ತಿನ್ನುತ್ತದೆ. ಅಡಾಪ್ಟರ್ ಪ್ಲೇಟನ್ನು ಲೇತಿನಲ್ಲಿ ಮಾಡಿಸುವಾಗ ಕೂದಲೆಳೆ ಆಚೀಚೆಯಾದರೂ ಇನ್‌ಪುಟ್ ಬೇರಿಂಗ್ ಹೋಯಿತು.

ಅದಕ್ಕೂ ಮೊದಲು ಒಂದು ಮಾತು. ಮುಂದಿನ ಚಕ್ರಗಳಲ್ಲಿ ಲಾಕಿಂಗ್ ಹಬ್, ಅಂದರೆ ಕೈಯಿಂದ ತಿರುಗಿಸಿ ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಜೋಡಿಸುವ, ಬಿಡಿಸುವ ಹಬ್ ಇದೆಯೇ? ಇದ್ದರೆ ಹಬ್ ತಿರುಗಿಸಿ ಫ್ರೀ ಮಾಡಿ ಫೋರ್ ವೀಲ್ ಲೋ ಹಾಕಿ. ಮುಂದಿನ ಶಾಫ್ಟ್ ಸುಮ್ಮನೆ ತಿರುಗುತ್ತದೆ, ಎಳೆಯುವುದು ಹಿಂದಿನ ಚಕ್ರಗಳು ಮಾತ್ರ. ಸ್ಟಿಯರಿಂಗ್ ಹಗುರ, ಕೈಯಲ್ಲಿ 37. ಖರ್ಚು ಸೊನ್ನೆ.

ಮಾಂದಲಪಟ್ಟಿ ಸ್ಟಿಯರಿಂಗ್:
ಲೋ ಹಾಕಿದ ಅಷ್ಟೂ ಬಲ ಹಿಂದಿನ ಆಕ್ಸಲ್ ಒಂದರ ಮೇಲೆಯೇ ಬೀಳುವುದಿಲ್ಲವೇ? ಚೀಲ ತುಂಬಿದ ಗಾಡಿಯಲ್ಲಿ ಹಾಫ್ ಶಾಫ್ಟ್ (ಆಕ್ಸಲ್ ಒಳಗೆ ಚಕ್ರ ತಿರುಗಿಸುವ ಸರಳು) ಮುರಿದರೆ ಜೀಪ್ ಹಿಮ್ಮುಖವಾಗಿ ಹೊಳೆಗೇ.

ಗಾಳಿಬೀಡು ಗ್ಯಾರೇಜ್:
ಬೀಳುತ್ತದೆ. ಟಿ-18 ಹಾಕಿ ಟೂ ವೀಲಿನಲ್ಲಿ ಏರಿಸಿದರೂ 34 ಪಾಲು ಬಲ ಅದೇ ಆಕ್ಸಲ್ ಮೇಲೆಯೇ. ಆ ಭಯಕ್ಕೆ ಎರಡೂ ಒಂದೇ. ಆಕ್ಸಿಲರೇಟರ್ ಜಾಡಿಸಿ ಒದ್ದರೆ ಯಾವುದಾದರೂ ಮುರಿಯುತ್ತದೆ, ಮೆಲ್ಲಗೆ ಏರಿಸಿದರೆ ಉಳಿಯುತ್ತದೆ. ಚೀಲ ಎರಡು ಕಡಿಮೆ ಹಾಕಿ ಒಂದು ಸುತ್ತು ಹೆಚ್ಚು ಹೊಡೆಯಿರಿ ಎಂದು ಹೇಳಿದರೆ ತೋಟದವರು ಯಾರೂ ಕೇಳುವುದಿಲ್ಲ, ಅದು ಬೇರೆ ವಿಷಯ.

ಆರ್‌ಸಿ ಪುಸ್ತಕ:
ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮರೆಯಬೇಡಿ. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಬಾರದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಹಲ್ಲುಚಕ್ರ:
ಸೆಕ್ಷನ್ ಹೇಳುವುದು ಆರ್‌ಸಿಯಲ್ಲಿ ನಮೂದಾಗುವ ವಿವರಗಳ ಬಗ್ಗೆ. ಗೇರ್ ಅನುಪಾತವನ್ನು ಯಾವ ಆರ್‌ಸಿಯಲ್ಲಿ ಬರೆದಿದ್ದಾರೆ?

ಆರ್‌ಸಿ ಪುಸ್ತಕ:
ಅಪಘಾತವಾದ ದಿನ ವಿಮೆಯವರ ಎದುರು ಈ ವಾದ ಹೂಡಿ ನೋಡಿ. ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳುವುದಕ್ಕೆ ಏನು ಕಷ್ಟ?

ಸುಂಟಿಕೊಪ್ಪ ಸವಾರಿ:
ಗೇರ್ ಬಾಕ್ಸಿನ ಬದಲು ಕ್ರೌನ್-ಪಿನಿಯನ್ ಬದಲಿಸಿದರೆ?

ಹಲ್ಲುಚಕ್ರ:
5.38 ಈಗಲೇ ಸಾಕಷ್ಟು ಲೋ. ಇನ್ನೂ ಇಳಿಸಬೇಕಾದರೆ ಪಿನಿಯನ್ ಚಿಕ್ಕದಾಗಬೇಕು, ಅಷ್ಟರಮಟ್ಟಿಗೆ ದುರ್ಬಲವಾಗುತ್ತದೆ. ಹಿಂದೆ ಮುಂದೆ ಎರಡೂ ಆಕ್ಸಲ್ ಒಟ್ಟಿಗೆ ಬದಲಾಗಬೇಕು, ಇಲ್ಲದಿದ್ದರೆ ಫೋರ್ ವೀಲಿನಲ್ಲಿ ಅವೆರಡೂ ಜಗಳವಾಡುತ್ತವೆ. ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಮಡಿಕೇರಿಗೆ ಹೋಗುವಾಗ ಟಾಪ್ ಗೇರಿನಲ್ಲೂ ಎಂಜಿನ್ ಅರಚುತ್ತದೆ. ಗೇರ್ ಬಾಕ್ಸ್ ಬದಲಿಸಿದರೆ ಟಾಪ್ ಗೇರ್ ನೇರ ಒಂದಕ್ಕೊಂದು, ರಸ್ತೆಯ ಓಟ ಇದ್ದಂತೆಯೇ ಇರುತ್ತದೆ.

ತೋಟದ ಜೀಪು:
ಹಬ್ ಇದೆ. ಬಲಗಡೆಯದು ತಿರುಗುತ್ತದೆ, ಎಡಗಡೆಯದು ತುಕ್ಕು ಹಿಡಿದು ಕೂತಿದೆ. ನಾಳೆ ಬಿಚ್ಚಿಸುತ್ತೇನೆ. ಆದರೂ ಹೊಳೆಯ ಬದಿಗೆ ಇಳಿಯುವಾಗ ಬ್ರೇಕ್ ತುಳಿಯದೆ ಗೇರಿನಲ್ಲೇ ಇಳಿಯುವ ಆಸೆ ಹೋಗಿಲ್ಲ. ಪ್ರತಿ ಸಲ ಇಳಿದು ಹಬ್ ತಿರುಗಿಸುವುದೂ ಬೇಸರದ ಕೆಲಸ. ಬೆಂಗಳೂರಿನವರಿಗೆ ಏನು ಹೇಳಲಿ?

ಗಾಳಿಬೀಡು ಗ್ಯಾರೇಜ್:
ದುಡ್ಡು ಕೊಡುವ ಮೊದಲು ನೋಡಿಕೊಳ್ಳಿ. ಟಿ-18ರಲ್ಲಿ ಎರಡು ಬಗೆಗಳಿವೆ, ಮೊದಲ ಗೇರ್ 4.02 ಇರುವುದು ಮತ್ತು 6.32 ಇರುವುದು. ಬಾಕ್ಸನ್ನು ಮೊದಲ ಗೇರಿಗೆ ಹಾಕಿ, ಬಾಕ್ಸಿನ ಎರಡೂ ತುದಿಯ ಶಾಫ್ಟುಗಳ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಹಿಂದಿನ ಶಾಫ್ಟ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಮುಂದಿನದು ಆರು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಬೇಕು. ನಾಲ್ಕಕ್ಕೇ ಮುಗಿದರೆ ಚಹಾ ಕುಡಿದು ವಾಪಸು ಬನ್ನಿ.