‘ಮಾಳಿಗೆ’ ಅಂದರೆ ನಿಮ್ಮ ಕಡೆ ಏನು?

ಗೆಳೆಯರೇ, ನಮಸ್ಕಾರ.

ಹೋದ ವಾರ ಧಾರವಾಡದ ನಮ್ಮ ಮನೆಗೆ ಸೊಸೆಯ ತಂಗಿ ಬಂದಿದ್ದಳು. ಮೈಸೂರಿನ ಹುಡುಗಿ. ಸಂಜೆ ಓಣಿಯ ಗುಡಿಯಲ್ಲಿ ಭಜನೆಯವರು ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಎತ್ತಿಕೊಂಡರು. “ಮಾಳಿಗೆ ಅಂದ್ರೆ ಮಹಡಿ ಅಲ್ವಾ? ಮಹಡಿ ಹೇಗೆ ಸೋರುತ್ತೆ, ಸೋರೋದು ಅದರ ಮೇಲಿನ ಹೆಂಚಲ್ವಾ?” ಅಂತ ಕೇಳಿದಳು. ನನ್ನ ಮೊಮ್ಮಗನದು ಇನ್ನೂ ಚೆಂದ. ಅವನಿಗೆ ಅದು ‘ಮಳಿಗೆ’ ಅಂತ ಕೇಳಿಸಿದೆ. ಇಷ್ಟು ದಿನ ಅಂಗಡಿ ಸೋರುತ್ತದೆ ಅಂತಲೇ ತಿಳಿದಿದ್ದನಂತೆ!

ನಮ್ಮ ಕಡೆ ಮಾಳಿಗೆ ಅಂದರೆ ಮಹಡಿಯಲ್ಲ. ಮಣ್ಣು ಹಾಕಿದ ಚಪ್ಪಟೆ ಚಾವಣಿ. ಕೆಳಗೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಅದರ ಮೇಲೆ ಹಲಗೆ ಇಲ್ಲವೇ ಕಟ್ಟಿಗೆ, ಎಲ್ಲಕ್ಕೂ ಮೇಲೆ ಮಣ್ಣು. ಗದಗಿನ ಹತ್ತಿರ ನಮ್ಮಜ್ಜಿಯ ಮನೆ ಹಾಗೇ ಇತ್ತು. ಸಂಡಿಗೆ, ಮೆಣಸಿನಕಾಯಿ ಒಣಗುತ್ತಿದ್ದುದು ಮಾಳಿಗೆಯ ಮೇಲೆ. ಬೇಸಿಗೆಯಲ್ಲಿ ನಾವು ಮಲಗುತ್ತಿದ್ದುದೂ ಅಲ್ಲೇ. ಮಳೆಗಾಲಕ್ಕೆ ಮುಂಚೆ ಯಾರಾದರೂ ಏಣಿ ಹತ್ತಿ, ಬೆಳೆದ ಹುಲ್ಲು ಕಿತ್ತು, ಹೊಸ ಮಣ್ಣು ಹರವಿ ಬಡಿಯಬೇಕು. ಒಂದು ವರ್ಷ ಮೈಮರೆತರೆ ಮನೆ ತುಂಬ ಬೋಗುಣಿ ಇಡೋ ಪಾಳಿ. (ಈಗ ಅಲ್ಲಿ ಸ್ಲ್ಯಾಬ್ ಹಾಕಿದ್ದಾರೆ. ಅದೂ ಸೋರುತ್ತದೆ, ಆ ಮಾತು ಬೇರೆ.)

ಹಾಡಿನೊಳಗೇ ಇದಕ್ಕೆ ಸಾಕ್ಷಿ ಇದೆ. ಮುರುಕು ತೊಲೆ, ಹುಳುಕು ಜಂತಿ ಬರುತ್ತವೆ. ಕರಕಿ ಹುಲ್ಲು ಬರುತ್ತದೆ. ಕರಕಿ ಅಂದರೆ ಗಣಪತಿಗೆ ಏರಿಸುವ ಗರಿಕೆಯೇ. ಮಹಡಿಯ ಕೋಣೆಯಲ್ಲಿ ಗರಿಕೆ ಬೆಳೆಯುವುದುಂಟಾ? ಇರುವೆ ಮುತ್ತುತ್ತದೆ, ನೀರಿನ ಭಾರಕ್ಕೆ ಮಣ್ಣು ಒಳಗೂ ಹೊರಗೂ ಒಂದಾಗುತ್ತದೆ. ಇದು ಮಾಳಿಗೆ ಮನೆಯಲ್ಲಿ ಬಾಳಿದವರ ಮಾತು. ಶರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದವರು. ಕೆಲಕಾಲ ಸಾಲಿ ಮಾಸ್ತರಿಕೆ ಮಾಡಿದವರು, ಕಳಸದ ಗೋವಿಂದ ಭಟ್ಟರ ಶಿಷ್ಯರು. ಮನೆ ಅಂದರೆ ದೇಹ, ಸೋರುವುದು ಅಜ್ಞಾನದಿಂದ ಅನ್ನೋ ಅರ್ಥವನ್ನು ಎಲ್ಲರೂ ಹೇಳುತ್ತಾರೆ. ಆದರೆ ಮಾಳಿಗೆಯನ್ನು ವರ್ಷವರ್ಷ ನೋಡಿಕೊಳ್ಳಬೇಕು ಅನ್ನೋದು ಗೊತ್ತಿಲ್ಲದಿದ್ದರೆ ಆ ಅಜ್ಞಾನ ಬರೀ ದೊಡ್ಡ ಪದವಾಗಿ ಉಳಿಯುತ್ತದೆ. ನನಗಂತೂ ಅದು ಏಣಿ ಹತ್ತದೇ ಉಳಿದವನ ಸೋಮಾರಿತನ ಅಂತಲೇ ಕೇಳಿಸುತ್ತದೆ.

ಕೊನೆಗೆ ‘ಹುಬ್ಬಿ ಮಳೆ’ ಬರುತ್ತದೆ. ಕೆಲವರು ಅದನ್ನು ‘ಉಬ್ಬಿ ಬಂದ ಮಳೆ’ ಅಂತ ವಿವರಿಸುವುದನ್ನು ಕೇಳಿದ್ದೇನೆ. ಅಲ್ಲ. ಅದು ಹುಬ್ಬಾ ನಕ್ಷತ್ರದ ಮಳೆ. ಆಗಸ್ಟ್ ಕೊನೆಗೆ ಶುರುವಾಗಿ ಸೆಪ್ಟೆಂಬರ್ ಮಧ್ಯದವರೆಗೆ. ಅಷ್ಟೊತ್ತಿಗೆ ಮಾಳಿಗೆಯ ಮಣ್ಣು ಜೂನ್‌ನಿಂದ ನೀರು ಕುಡಿದು ಕುಡಿದು ಸಾಕಾಗಿರುತ್ತದೆ. ಜೂನ್ ಕೊನೆಗೆ ಶುರುವಾಗೋ ಆರಿದ್ರಾ ಮಳೆ ಅಂದಿದ್ದರೆ ಇಷ್ಟು ದಿಗಿಲು ಹುಟ್ಟುತ್ತಿರಲಿಲ್ಲ.

ಇನ್ನು ನನ್ನ ನಿಜವಾದ ತಕರಾರು. ‘ದಾರು ಗಟ್ಟಿ ಮಾಳ್ಪರಿಲ್ಲ’ ಅನ್ನೋ ಸಾಲಿನ ‘ದಾರು’ ಯಾವುದು? ಸಂಸ್ಕೃತದ ದಾರು ಅಂದರೆ ಕಟ್ಟಿಗೆ. ತೊಲೆ, ಜಂತಿ ಗಟ್ಟಿ ಮಾಡುವವರಿಲ್ಲ ಅಂತಾಗುತ್ತದೆ, ಹೊಂದುತ್ತದೆ. ಆದರೆ ನಮ್ಮ ಹಿರಿಯರು ‘ಯಾರು’ ಅನ್ನೋದಕ್ಕೆ ‘ದಾರು’ ಅನ್ನುತ್ತಿದ್ದರು. “ದಾರು ಬಂದಾರ ನೋಡು” ಅಂತ ಅಜ್ಜಿ ಒಳಗಿಂದ ಕೂಗುತ್ತಿದ್ದಳು. ಹಾಗೆ ಓದಿದರೆ ‘ಯಾರೂ ಗಟ್ಟಿ ಮಾಡುವವರಿಲ್ಲ’ ಅಂತಾಗುತ್ತದೆ. ನನ್ನ ಮನಸ್ಸು ಇದರ ಕಡೆಗೇ. ಕತ್ತಲಲ್ಲಿ ಒಬ್ಬನೇ ನಿಂತು, ಮೇಲೆ ಹತ್ತಲಾರೆ ಅನ್ನುವವನ ಬಾಯಲ್ಲಿ ಸಂಸ್ಕೃತದ ಕಟ್ಟಿಗೆಗಿಂತ ಊರ ಮಾತೇ ಸಹಜ.

ವಿಜಯಪುರ, ಕಲಬುರಗಿ, ಬಳ್ಳಾರಿ ಕಡೆಯವರು ಹೇಳಿ: ನಿಮ್ಮಲ್ಲಿ ಈ ‘ದಾರು’ ಇನ್ನೂ ಬಳಕೆಯಲ್ಲಿದೆಯಾ? ಮಣ್ಣಿನ ಚಾವಣಿಗೆ ಮಾಳಿಗೆ ಅಂತಲೇ ಅನ್ನುತ್ತೀರಾ, ಬೇರೆ ಹೆಸರಿದೆಯಾ?