ಟೆಂಪೋದಲ್ಲಿ ತಂದ ಕಾಟ್ಲಾ: ಚುಚ್ಚುಮದ್ದು ಕೊಟ್ಟರೂ ಮೊಟ್ಟೆ ಬೆಳ್ಳಗಾಗುತ್ತಿದೆ, ಏಕೆ?

ಭದ್ರಾ ನಾಲೆ ಬದಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯಲ್ಲಿ ಮೀನುಮರಿ ಮಾಡಿಸುವ ಒಂದು ಸಣ್ಣ ಹ್ಯಾಚರಿ ನಡೆಸುತ್ತಿದ್ದೇನೆ. ಗೆಂಡೆಮೀನುಗಳಲ್ಲಿ ರೋಹು, ಮೃಗಾಲ್ ನಮ್ಮ ಹೊಂಡದಲ್ಲೇ ಬೆಳೆದ ತಾಯಿಮೀನುಗಳು. ಕಾಟ್ಲಾ ಮಾತ್ರ ಸಾಕಷ್ಟು ಇರಲಿಲ್ಲ. ಹಾಗಾಗಿ ಪರಿಚಯದವರ ಕೆರೆಯಿಂದ ಗಂಡು ಹೆಣ್ಣು ಎರಡನ್ನೂ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಹಾಕಿಸಿ ಟೆಂಪೋದಲ್ಲಿ ತಂದೆ. ಮಧ್ಯಾಹ್ನ ಹೊರಟು ನಾಲ್ಕು ಗಂಟೆಗೆ ಮನೆ ಸೇರಿದೆವು. ಸಂಜೆ ಆರಕ್ಕೆ ಹೆಣ್ಣಿಗೆ ಕೆಜಿಗೆ ಅರ್ಧ ಮಿಲಿಲೀಟರ್, ಗಂಡಿಗೆ ಅದಕ್ಕಿಂತ ಕಡಿಮೆ, ಮರಿ ಮಾಡಿಸುವ ಚುಚ್ಚುಮದ್ದು ಕೊಟ್ಟೆ. ಒಂದು ಹೆಣ್ಣು ಮೊಟ್ಟೆಯನ್ನೇ ಬಿಡಲಿಲ್ಲ. ಉಳಿದವು ರಾತ್ರಿ ಹನ್ನೊಂದರ ಮೇಲೆ ಬಿಟ್ಟವು. ಆದರೆ ಬೆಳಗಿನ ಜಾವ ಟಾರ್ಚ್ ಹಿಡಿದು ನೋಡಿದರೆ ತೊಟ್ಟಿಯ ತುಂಬ ಬಿಳಿ ಮೊಟ್ಟೆ.

ಅದೇ ಸಂಜೆ ಪಕ್ಕದ ತೊಟ್ಟಿಯಲ್ಲಿ ರೋಹುವಿಗೂ ಅದೇ ಸೀಸೆಯಿಂದ ಕೊಟ್ಟಿದ್ದೆ. ಅದರ ಮರಿ ಚೆನ್ನಾಗಿ ಬಂದಿದೆ. ಪ್ರಯಾಣದ ಆಯಾಸ ಮೊಟ್ಟೆಯ ತನಕ ಹೋಗುತ್ತದೆಯೇ? ತಿಳಿದವರು ಹೇಳಿ.

ಮೀನುಗಾಳ ಉತ್ತರ:

ಔಷಧಿ ಸಾಲದೆ ಹೋಗಿರಬೇಕು. ಕಾಟ್ಲಾ ಮೊಂಡು ಮೀನು. ಮುಂದಿನ ಸಲ ಕೆಜಿಗೆ ಮುಕ್ಕಾಲು ಮಿಲಿಲೀಟರ್ ಕೊಟ್ಟು ನೋಡಿ. ಸೀಸೆ ನಕಲಿ ಅಲ್ಲವಷ್ಟೇ?

ಹಳೇ ಹ್ಯಾಚರಿ ಉತ್ತರ:

ಅಳತೆ ಹೆಚ್ಚಿಸಬೇಡಿ. ನಕಲಿ ಎನ್ನುವ ಮಾತಿಗೂ ಇಲ್ಲಿ ಜಾಗವಿಲ್ಲ. ಅದೇ ಸೀಸೆ, ಅದೇ ನೀರು, ಅದೇ ರಾತ್ರಿ, ರೋಹು ಮರಿ ಕೊಟ್ಟಿದೆ. ಹಾಗಿದ್ದ ಮೇಲೆ ಅನುಮಾನ ಪಡಬೇಕಾದದ್ದು ಟೆಂಪೋದಿಂದ ಇಳಿದ ಮೀನನ್ನೇ.

ನಾನು ಮೀನುಮರಿ ಕೇಂದ್ರಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಾವು ಸೇರಿದ ಕಾಲಕ್ಕೆ ಈ ಸೀಸೆಗಳಿರಲಿಲ್ಲ. ಮಾರುಕಟ್ಟೆಗೆ ಬೆಳಿಗ್ಗೆಯೇ ಹೋಗಿ ಗೆಂಡೆಮೀನಿನ ತಲೆ ತರಬೇಕು, ಬುರುಡೆಯನ್ನು ಓರೆಯಾಗಿ ಕತ್ತರಿಸಿ ಮಿದುಳು ಎತ್ತಬೇಕು, ಅದರ ಅಡಿಯ ಕುಳಿಯಲ್ಲಿ ಕೂತಿರುವ ಪಿಟ್ಯುಟರಿ ಗ್ರಂಥಿಯನ್ನು ಚಿಮಟದಿಂದ ಹರಿಯದಂತೆ ಬಿಡಿಸಿ ಶುದ್ಧ ಆಲ್ಕೊಹಾಲಿನಲ್ಲಿ ಹಾಕಿಡಬೇಕು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿಯವರು ನಮ್ಮ ಗೆಂಡೆಗಳನ್ನು ಕಟ್ಟಿದ ನೀರಿನಲ್ಲಿ ಮರಿ ಮಾಡಿಸಿದ್ದು ಈ ಗ್ರಂಥಿಯ ರಸದಿಂದಲೇ. ಮೀನು ಕೃಷಿಕರ ದಿನ ಜುಲೈ 10ಕ್ಕೆ ಬಂದದ್ದೂ ಅದಕ್ಕೇ. ಆ ಪದ್ಧತಿಯಲ್ಲಿ ಹೆಣ್ಣಿಗೆ ಎರಡು ಚುಚ್ಚು: ಮೊದಲು ಸ್ವಲ್ಪ, ಆರು ಗಂಟೆ ಕಳೆದು ಹೆಚ್ಚು. ಎಂದರೆ ಎರಡು ಸಲ ಬಲೆ, ಎರಡು ಸಲ ಕೈ. ಈಗ ಒಂದೇ ಚುಚ್ಚಿನಲ್ಲಿ ಮುಗಿಯುತ್ತದೆ. ಹೊಸ ಔಷಧಿ ಮೀನಿಗೆ ಮಾಡಿದ ದೊಡ್ಡ ಉಪಕಾರ ಅದೇ ಎಂದು ನನ್ನ ಅಭಿಪ್ರಾಯ.

ಆದರೆ ಚುಚ್ಚುಮದ್ದು ಮೊಟ್ಟೆಯನ್ನು ತಯಾರಿಸುವುದಿಲ್ಲ. ಮೊಟ್ಟೆ ಬೇಸಿಗೆಯಿಡೀ ತಯಾರಾಗಿರುತ್ತದೆ. ತಾಯಿಯ ಯಕೃತ್ತಿನಲ್ಲಿ ಹುಟ್ಟಿದ ಸಾರ ರಕ್ತದ ಮೂಲಕ ಅಂಡಾಶಯಕ್ಕೆ ಬಂದು ಪ್ರತಿ ಮೊಟ್ಟೆಯೊಳಗೂ ಹಳದಿಯಾಗಿ ತುಂಬಿಕೊಳ್ಳುತ್ತದೆ. ಮಳೆಗಾಲ ಶುರುವಾಗುವ ಹೊತ್ತಿಗೆ ಮೊಟ್ಟೆ ಬೆಳೆದು ನಿಂತಿರುತ್ತದೆ, ಕೊನೆಯ ಹೆಜ್ಜೆಯೊಂದೇ ಬಾಕಿ. ಹೊಳೆಯಲ್ಲಿ ಹೊಸ ನೀರು ಬಂದಾಗ ಆ ಹೆಜ್ಜೆ ತಾನಾಗಿ ಆಗುತ್ತದೆ. ಹೊಂಡದಲ್ಲಿ ಆಗುವುದಿಲ್ಲ, ಏಕೆಂದರೆ ಮೀನಿನ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಪಿಟ್ಯುಟರಿಯನ್ನು ತಡೆಹಿಡಿದಿರುತ್ತದೆ. ನಿಮ್ಮ ಸೀಸೆಯಲ್ಲಿ ಎರಡು ವಸ್ತುಗಳಿವೆ: ಒಂದು ಪಿಟ್ಯುಟರಿಯನ್ನು ಎಬ್ಬಿಸುವುದಕ್ಕೆ, ಇನ್ನೊಂದು, ಡೊಂಪೆರಿಡೋನ್, ಆ ತಡೆಯನ್ನು ತೆಗೆಯುವುದಕ್ಕೆ. ಹಳದಿ ಸರಿಯಾಗಿ ತುಂಬದ ಮೊಟ್ಟೆಗೆ ಇವೆರಡರಿಂದಲೂ ಪ್ರಯೋಜನವಿಲ್ಲ.

ಹೊಟ್ಟೆ ಊದಿದೆ ಎಂಬುದೊಂದನ್ನೇ ನೋಡಿ ಕಾಟ್ಲಾ ಆರಿಸಿದ್ದರೆ ಅದು ಸಾಲದು. ಹಿಂಡಿ, ತೌಡು ಚೆನ್ನಾಗಿ ತಿಂದ ಕಾಟ್ಲಾದ ಹೊಟ್ಟೆಯಲ್ಲಿ ಕೊಬ್ಬೂ ಇರುತ್ತದೆ. ತೆಳುವಾದ ನಳಿಕೆಯಿಂದ ನಾಲ್ಕಾರು ಮೊಟ್ಟೆ ಎಳೆದು ಗಾಜಿನ ಬಿಲ್ಲೆಯ ಮೇಲೆ ಹಾಕಿ. ಆಲ್ಕೊಹಾಲು ಆರು ಪಾಲು, ಫಾರ್ಮಲಿನ್ ಮೂರು ಪಾಲು, ಗ್ಲೇಶಿಯಲ್ ಅಸಿಟಿಕ್ ಆಮ್ಲ ಒಂದು ಪಾಲು ಬೆರೆಸಿದ ದ್ರಾವಣದ ಹನಿ ಬಿಡಿ. ಕೆಲವೇ ನಿಮಿಷದಲ್ಲಿ ಮೊಟ್ಟೆ ತಿಳಿಯಾಗಿ ಒಳಗಿನ ಕೋಶಕೇಂದ್ರ ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ನಟ್ಟನಡುವೆ ಇದ್ದರೆ ಮೀನನ್ನು ಹೊಂಡಕ್ಕೆ ವಾಪಸು ಬಿಡಿ. ಅಂಚಿಗೆ ಸರಿದಿದ್ದರೆ ಮಾತ್ರ ಸೂಜಿ ತೆಗೆಯಿರಿ. ಮೊಟ್ಟೆ ಬಿಡದ ನಿಮ್ಮ ಆ ಒಂದು ಹೆಣ್ಣಿನ ಚುಕ್ಕೆ ನಡುವೆಯೇ ಇದ್ದಿರಬಹುದು.

ಇನ್ನು ಟೆಂಪೋ. ತಾಯಿಮೀನು ತರುವ ಕಾಲ ಜೂನ್, ಜುಲೈ ಅಲ್ಲವೇ ಅಲ್ಲ. ಚಳಿಗಾಲದಲ್ಲೇ ತಂದು, ಹೆಕ್ಟೇರಿಗೆ ಒಂದೂವರೆಯಿಂದ ಎರಡು ಸಾವಿರ ಕೆಜಿ ಮೀರದಂತೆ ಹೊಂಡಕ್ಕೆ ಬಿಟ್ಟು, ನಿಮ್ಮ ಕೈಯ ಮೇವು ತಿನ್ನಿಸಿ ಬೆಳೆಸಬೇಕು. ಟೆಂಪೋದಲ್ಲಿ ಕುಲುಕಿಸಿ ತಂದ ಮೀನಿಗೆ ಎರಡು ತಾಸು ಬಿಟ್ಟು ಸೂಜಿ ಚುಚ್ಚುವುದನ್ನು ನಮ್ಮ ಕಾಲದ ಮೇಲಧಿಕಾರಿಗಳು ನೋಡಿದ್ದರೆ ಆ ದಿನ ನಮಗೆ ಊಟ ಸೇರುತ್ತಿರಲಿಲ್ಲ.

ಭದ್ರಾ ನಾಲೆ ಬದಿ:

ಧನ್ಯವಾದ ಸರ್. ನಳಿಕೆ ಪರೀಕ್ಷೆ ಮಾಡಿರಲಿಲ್ಲ, ಈ ಸಲ ಮಾಡುತ್ತೇನೆ. ಆದರೂ ಒಂದು ಗೊಂದಲ. ಮೊಟ್ಟೆ ಬೇಸಿಗೆಯಲ್ಲೇ ತಯಾರಾಗಿದ್ದರೆ ಒಂದು ಮಧ್ಯಾಹ್ನದ ಪ್ರಯಾಣ ಅದನ್ನು ಕೆಡಿಸುವುದು ಹೇಗೆ? ಮೊಟ್ಟೆ ಬಿಟ್ಟ ಹೆಣ್ಣುಗಳೆಲ್ಲ ಸರಿಯಾದ ಸಮಯಕ್ಕೇ ಬಿಟ್ಟಿವೆ.

ಸೂಕ್ಷ್ಮದರ್ಶಕ ಉತ್ತರ:

ಇದು ಒಳ್ಳೆಯ ಪ್ರಶ್ನೆ. ನಾನು ಮೀನಿನ ಒತ್ತಡದ ಬಗ್ಗೆ ಸಂಶೋಧನೆ ಮಾಡುವ ವಿದ್ಯಾರ್ಥಿನಿ. ಹಳೇ ಹ್ಯಾಚರಿ ಸರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಬಲೆಗೆ ಬಿದ್ದ ಮೀನಿನ ದೇಹದಲ್ಲಿ ಮೊದಲು ಅಡ್ರಿನಲಿನ್ ಏರುತ್ತದೆ, ಅದು ಕ್ಷಣಗಳ ಮಾತು. ಆಮೇಲೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು. ನಮ್ಮ ಹಾಗೆ ಮೀನಿಗೆ ಪ್ರತ್ಯೇಕವಾದ ಅಡ್ರಿನಲ್ ಗ್ರಂಥಿ ಇಲ್ಲ. ಮೂತ್ರಪಿಂಡದ ತಲೆಯ ಭಾಗದಲ್ಲಿ ಹರಡಿಕೊಂಡಿರುವ ಜೀವಕೋಶಗಳು ಕಾರ್ಟಿಸಾಲ್ ಸುರಿಸುತ್ತವೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ಕಿವಿರಿನ ಮೂಲಕ ದೇಹದ ಉಪ್ಪು ನೀರಿಗೆ ಸೋರುತ್ತದೆ.

ಒತ್ತಡ ತಿಂಗಳುಗಟ್ಟಲೆ ಮರುಕಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಕ್ಯಾಂಪ್‌ಬೆಲ್, ಪಾಟಿಂಗರ್, ಸಂಪ್ಟರ್ 1992ರಲ್ಲಿ ಪ್ರಕಟಿಸಿದ ಪ್ರಯೋಗವಿದೆ. ರೈನ್‌ಬೋ ಟ್ರೌಟ್ ಮೀನುಗಳನ್ನು ಮೊಟ್ಟೆ ಬಿಡುವುದಕ್ಕೆ ಮುಂಚಿನ ಒಂಬತ್ತು ತಿಂಗಳು ಆಗಾಗ ಸ್ವಲ್ಪ ಹೊತ್ತು ಒತ್ತಡಕ್ಕೆ ಗುರಿಮಾಡಿದರು. ಮೊಟ್ಟೆ ಬಿಡುವುದು ತಡವಾಯಿತು, ಮೊಟ್ಟೆ ಸಣ್ಣದಾಯಿತು, ಗಂಡುಗಳಲ್ಲಿ ವೀರ್ಯಾಣು ಕಡಿಮೆಯಾಯಿತು, ಹುಟ್ಟಿದ ಮರಿಗಳೂ ಕಡಿಮೆ ಉಳಿದವು. ಆದರೆ ಅದು ಒಂಬತ್ತು ತಿಂಗಳ ಕಥೆ. ನಿಮ್ಮದು ಒಂದು ಮಧ್ಯಾಹ್ನ.

ತಾಯಿಯ ಕಾರ್ಟಿಸಾಲ್ ಮೊಟ್ಟೆಗೆ ಇಳಿಯುವುದು ನಿಜ. ಭ್ರೂಣ ಶುರುವಿನಲ್ಲಿ ಬದುಕುವುದು ತಾಯಿ ಕೊಟ್ಟದ್ದರಿಂದಲೇ. ಕೆನಡಾದ ಆಲ್ಸಾಪ್ ಮತ್ತು ವಿಜಯನ್ ಜೀಬ್ರಾ ಮೀನಿನಲ್ಲಿ ಅಳೆದಿದ್ದಾರೆ: ತಾಯಿಯಿಂದ ಬಂದ ಕಾರ್ಟಿಸಾಲ್ ಮೊಟ್ಟೆಯೊಡೆಯುವ ತನಕ ಇಳಿಯುತ್ತಾ ಹೋಗುತ್ತದೆ, ಆಮೇಲೆ ಮರಿ ತನ್ನದನ್ನು ತಾನೇ ತಯಾರಿಸಲು ತೊಡಗುತ್ತದೆ. ಹೊರಗಿನ ಒತ್ತಡಕ್ಕೆ ಅದು ಕಾರ್ಟಿಸಾಲ್ ಏರಿಸುವುದು ಫಲಿತವಾದ 97 ಗಂಟೆಗಳ ಹೊತ್ತಿಗೆ. ಹಾಗಾಗಿ ತಾಯಿಯ ಆಯಾಸದ ಪರಿಣಾಮವನ್ನು ಹುಡುಕಬೇಕಾದದ್ದು ಭ್ರೂಣ ಬೆಳೆಯುವಾಗ, ಮರಿ ಹೊರಬಂದ ಮೇಲೆ. ನಿಮ್ಮ ಮೊಟ್ಟೆಗಳು ಅಲ್ಲಿಯ ತನಕ ಹೋಗಿಯೇ ಇಲ್ಲ. ಕೆಲವೇ ಗಂಟೆಗಳಲ್ಲಿ ಬೆಳ್ಳಗಾದ ಮೊಟ್ಟೆ ಬಹುಮಟ್ಟಿಗೆ ಫಲಿತವಾಗದ ಮೊಟ್ಟೆ.

ಅದಕ್ಕೇ ಕೇಳುತ್ತೇನೆ: ಗಂಡುಮೀನುಗಳ ಸ್ಥಿತಿ ಹೇಗಿತ್ತು? ಅವೂ ಅದೇ ಟೆಂಪೋದಲ್ಲಿ ಬಂದವಲ್ಲವೇ?

ಭದ್ರಾ ನಾಲೆ ಬದಿ:

ಹೌದು ಮೇಡಂ, ಅದೇ ಟ್ಯಾಂಕು. ಹೊಟ್ಟೆ ಒತ್ತಿದಾಗ ಸ್ವಲ್ಪ ಬಿಳಿ ಬಂತು, ಒಂದೆರಡರಲ್ಲಿ ನೀರಾಗಿ ಬಂತು. ತೊಟ್ಟಿಯಲ್ಲಿ ಗಂಡುಗಳು ಹೆಣ್ಣಿನ ಹಿಂದೆ ಓಡಿದ್ದೂ ಕಡಿಮೆ. ಹೆಣ್ಣು ದುಬಾರಿ ಎಂದು ನನ್ನ ಗಮನವೆಲ್ಲ ಅತ್ತಲೇ ಇತ್ತು.

ಹಳೇ ಹ್ಯಾಚರಿ ಉತ್ತರ:

ಹಾಗೆ ಹೇಳಿ! ಮಗಳೇ, ಸರಿಯಾದ ಕಡೆ ಕೈ ಇಟ್ಟಿದ್ದೀಯೆ. ನಾನು ಹೆಣ್ಣನ್ನೇ ಹಿಡಿದುಕೊಂಡು ಇಷ್ಟುದ್ದ ಬರೆದೆ.

ನಾಲೆ ಬದಿಯವರೇ, ನೀರಾಗಿ ಬಂತೆಂದರೆ ವೀರ್ಯ ತೆಳುವಾಗಿರಬಹುದು, ಇಲ್ಲವೇ ಮೂತ್ರ ಬೆರೆತಿರಬಹುದು. ಗೆಂಡೆಯ ವೀರ್ಯಾಣು ಒಡಲಿನೊಳಗೆ ಸುಮ್ಮನಿರುತ್ತದೆ. ಸಿಹಿನೀರು ತಗುಲಿದೊಡನೆ ಈಜುತ್ತದೆ, ಆ ಈಜು ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಹೆಣ್ಣು ಮೊಟ್ಟೆ ಚೆಲ್ಲುವ ಗಳಿಗೆಗೆ ಗಂಡು ಪಕ್ಕದಲ್ಲೇ ಇರಬೇಕು. ಬಳಲಿದ ಗಂಡು ತೊಟ್ಟಿಯ ಮೂಲೆ ಹಿಡಿದಿದ್ದರೆ ಎಷ್ಟು ಒಳ್ಳೆಯ ಮೊಟ್ಟೆಯಾದರೂ ಫಲಿಸದೆ ಬೆಳ್ಳಗಾಗುತ್ತದೆ.

ನಿಮ್ಮ ಹೊಂಡದಲ್ಲಿ ಕಾಟ್ಲಾ ಸಾಕಷ್ಟಿಲ್ಲ ಎಂದಿರಿ, ಒಂದೂ ಇಲ್ಲ ಎನ್ನಲಿಲ್ಲ. ಅದರಲ್ಲಿ ಗಂಡು ಇದ್ದರೆ ಅವನ್ನೇ ಬಳಸಿ. ಎದೆಯ ರೆಕ್ಕೆಯ ಒಳಬದಿ ಬೆರಳಿಗೆ ಒರಟಾಗಿ ತಾಗಬೇಕು, ಹೊಟ್ಟೆ ಮೆಲ್ಲಗೆ ಒತ್ತಿದರೆ ಗಟ್ಟಿ ಹಾಲಿನಂತೆ ಇಳಿಯಬೇಕು. ಹನಿ ತೆಗೆಯುವ ಮುನ್ನ ಮೀನಿನ ಹೊಟ್ಟೆ ಒರೆಸಿ ಒಣಗಿಸಿ. ಗಾಜಿನ ಬಿಲ್ಲೆಯ ಮೇಲಿನ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಣ್ಣಿಟ್ಟ ಮೇಲೆ ನೀರು ತಾಗಿಸಿ. ಮೊದಲೇ ನೀರು ಹಾಕಿದರೆ ನೀವು ನೋಡುವ ಹೊತ್ತಿಗೆ ಆಟ ಮುಗಿದಿರುತ್ತದೆ.

ಮೀನುಗಾಳ:

ಅಳತೆಯ ಮಾತು ಹಿಂದಕ್ಕೆ ತೆಗೆದುಕೊಂಡೆ. ಒಂದು ಕೇಳಬೇಕಿತ್ತು: ಸಾಗಿಸುವಾಗ ನೀರಿಗೆ ಉಪ್ಪು ಹಾಕುವುದರಿಂದ ನಿಜಕ್ಕೂ ಪ್ರಯೋಜನ ಇದೆಯೇ? ನಮ್ಮ ಕಡೆ ಕೆಲವರು ಹಾಕುತ್ತಾರೆ, ಕೆಲವರು ನಗುತ್ತಾರೆ.

ಸೂಕ್ಷ್ಮದರ್ಶಕ ಉತ್ತರ:

ಇದೆ. ಉಪ್ಪು ಸೋರುತ್ತದೆ ಎಂದೆನಲ್ಲ, ಹೊರಗಿನ ನೀರಿನಲ್ಲಿ ಒಂದಷ್ಟು ಉಪ್ಪಿದ್ದರೆ ಆ ಸೋರಿಕೆ ತಗ್ಗುತ್ತದೆ. ಲೀಟರಿಗೆ ಮೂರರಿಂದ ಐದು ಗ್ರಾಂ ಅಡುಗೆ ಉಪ್ಪು ಸಾಕು. ಹೊರಡುವ ಹಿಂದಿನ ದಿನ ಮೇವು ನಿಲ್ಲಿಸಿ, ಇಲ್ಲದಿದ್ದರೆ ಟ್ಯಾಂಕಿನಲ್ಲಿ ಅಮೋನಿಯ ಏರುತ್ತದೆ. ನಡುಮಧ್ಯಾಹ್ನ ಬಿಟ್ಟು ಬೆಳಗಿನ ತಂಪಿನಲ್ಲಿ ಹೊರಡಿ.

ಇನ್ನೊಂದು ಮಾತು, ನಾಲೆ ಬದಿಯವರೇ. ಮುಂದಿನ ಸಲ ಮೊಟ್ಟೆ ಬಿಟ್ಟ ನಾಲ್ಕೈದು ಗಂಟೆಯ ಮೇಲೆ ಒಂದು ಬಟ್ಟಲಿಗೆ ಮಾದರಿ ತೆಗೆದು ಫಲಿತವಾದ ಮೊಟ್ಟೆ ಎಷ್ಟೆಂದು ಎಣಿಸಿ. ಅದಕ್ಕೂ ಮುಂಚೆ ಎಣಿಸಿದರೆ ಲೆಕ್ಕ ತಪ್ಪುತ್ತದೆ: ಫಲಿತವಾಗದ್ದೂ ನೀರು ಹೀರಿ ಉಬ್ಬಿ, ನೆನೆದ ಸಬ್ಬಕ್ಕಿಯ ಹಾಗೆ ತಿಳಿಯಾಗಿಯೇ ಕಾಣುತ್ತದೆ. ಎಣಿಕೆಯಲ್ಲಿ ಒಳ್ಳೆಯ ಮೊಟ್ಟೆ ಹೆಚ್ಚಿದ್ದೂ ಮೊಟ್ಟೆಯೊಡೆಯುವ ಹದಿನಾಲ್ಕು ಹದಿನೆಂಟು ಗಂಟೆಯೊಳಗೆ ಸತ್ತರೆ, ಆಗ ನೀರಿನ ಹರಿವು, ಆಮ್ಲಜನಕ, ತಾಯಿಯ ಮೊಟ್ಟೆಯ ಗುಣ ಇವುಗಳ ಕಡೆಗೆ ನೋಡೋಣ. ಅಂಕಿ ಇಲ್ಲೇ ಹಾಕಿ.

ಭದ್ರಾ ನಾಲೆ ಬದಿ:

ಹಾಕುತ್ತೇನೆ. ನಮ್ಮ ಹೊಂಡದಲ್ಲಿ ಗಂಡು ಕಾಟ್ಲಾ ಮೂರು ಇವೆ. ಟೆಂಪೋದಲ್ಲಿ ಬಂದು ಮೊಟ್ಟೆ ಬಿಡದ ಆ ಹೆಣ್ಣನ್ನು ಮತ್ತೆ ಚುಚ್ಚಬಹುದೇ ಸರ್?

ಹಳೇ ಹ್ಯಾಚರಿ:

ಈಗ ಬೇಡ. ಹೊಂಡಕ್ಕೆ ಬಿಟ್ಟು ಮೇವು ಹಿಡಿಯಲಿ. ಎರಡು ವಾರ ಕಳೆದು ನಳಿಕೆ ಹಾಕಿ, ಚುಕ್ಕೆ ಎಲ್ಲಿದೆ ಎಂದು ಬರೆಯಿರಿ. ಬಲೆ ಎಳೆಯುವಾಗ ಒದ್ದೆ ಬಟ್ಟೆಯಿಂದ ಅದರ ಕಣ್ಣು ಮುಚ್ಚಿ, ಒದ್ದಾಟ ಅರ್ಧಕ್ಕರ್ಧ ತಗ್ಗುತ್ತದೆ.