‘ಹಿಂಪಡೆ’ ಎಂದರೆ ಏನು ಹಿಂದಕ್ಕೆ ಬರುತ್ತದೆ? – ಆ್ಯಪ್ ಸ್ಟೋರ್ ಪದಗಳು

ಪ್ರಶ್ನೆ: ಆ್ಯಪ್ ತಯಾರಕರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಗೂಗಲ್ ಪ್ಲೇಯ ಹಾಲ್ಟ್, ಅನ್‌ಪಬ್ಲಿಶ್, ರಿಮೂವ್ ಮೂರಕ್ಕೂ ಕರಡಿನಲ್ಲಿ ‘ಹಿಂಪಡೆ’ ಎಂದೇ ಇದೆ. ರಿಜೆಕ್ಟ್‌ಗೆ ‘ತಿರಸ್ಕಾರ’, ಸಸ್ಪೆಂಡ್‌ಗೆ ‘ರದ್ದು’. ಇಷ್ಟು ಸಾಕೇ?

ಉತ್ತರ: ಸಾಲದು. ‘ಹಿಂಪಡೆ’ಯನ್ನಂತೂ ಮೂರೂ ಕಡೆ ಕೈಬಿಡಿ. ಅರ್ಜಿ ಹಿಂಪಡೆದರೆ ಅದು ನಮ್ಮ ಕೈಗೆ ವಾಪಸು ಬರುತ್ತದೆ. ಇಲ್ಲಿ ಬಳಕೆದಾರರ ಫೋನಿಗೆ ಹೋದದ್ದು ಹೋಯಿತು.

ಹೆಚ್ಚು ಎಡವುವುದು ಹಾಲ್ಟ್‌ನಲ್ಲಿ. ಹೊಸ ಆವೃತ್ತಿಯನ್ನು ಶೇ 10 ಬಳಕೆದಾರರಿಗೆ ಬಿಟ್ಟಿರಿ, ಆ್ಯಪ್ ಕ್ರ್ಯಾಶ್ ಆಗತೊಡಗಿತು, ಹಾಲ್ಟ್ ಒತ್ತಿದಿರಿ ಎನ್ನಿ. ಉಳಿದವರಿಗೆ ಅದು ಹೋಗುವುದಿಲ್ಲ, ಅಷ್ಟೇ. ಆಗಲೇ ಅಪ್‌ಡೇಟ್ ಆದವರ ಬಳಿ ಕೆಟ್ಟ ಆವೃತ್ತಿಯೇ ಕೂತಿರುತ್ತದೆ. ವರ್ಷನ್ ಕೋಡ್ (ಪ್ರತಿ ಆವೃತ್ತಿಗೂ ಕೊಡುವ, ಏರುತ್ತಲೇ ಹೋಗಬೇಕಾದ ಸಂಖ್ಯೆ) 41 ಇರುವ ಆವೃತ್ತಿ ಕೆಟ್ಟರೆ 40ಕ್ಕೆ ಇಳಿಯಲು ಬರುವುದಿಲ್ಲ. 40ರ ಪ್ರೋಗ್ರಾಮನ್ನೇ 42 ಎಂಬ ಸಂಖ್ಯೆ ಕೊಟ್ಟು ಮತ್ತೆ ಬಿಲ್ಡ್ ಮಾಡಿ ಸ್ಟೋರ್‌ಗೆ ಏರಿಸಬೇಕು. ‘ಹಿಂಪಡೆ’ ಎಂದು ಓದಿದವರು ಈ ಕೆಲಸ ಬಾಕಿಯಿದೆ ಎಂದೇ ತಿಳಿಯುವುದಿಲ್ಲ. ಹಾಗಾಗಿ ‘ವಿತರಣೆ ತಡೆ’.

ಅನ್‌ಪಬ್ಲಿಶ್‌ಗೆ ‘ಪ್ರಕಟಣೆ ನಿಲ್ಲಿಸು’ ಸಾಕು. ಹೊಸಬರಿಗೆ ಆ್ಯಪ್ ಸಿಗುವುದಿಲ್ಲ. ಇರುವವರು ಬಳಸುತ್ತಲೇ ಇರಬಹುದು, ಅವರಿಗೆ ಅಪ್‌ಡೇಟೂ ಹೋಗುತ್ತದೆ. ‘ಅಳಿಸು’ ಎಂದು ಮಾತ್ರ ಬರೆಯಬೇಡಿ.

ಇವೆರಡೂ ತಯಾರಕರು ಮಾಡುವ ಕೆಲಸ. ಉಳಿದ ಮೂರು – ರಿಮೂವ್, ರಿಜೆಕ್ಟ್, ಸಸ್ಪೆಂಡ್ – ಸ್ಟೋರ್ ಕೈಗೊಳ್ಳುವ ಕ್ರಮ, ಆದ್ದರಿಂದ ವಾಕ್ಯದಲ್ಲಿ ಕರ್ತೃ ಕಾಣಬೇಕು. ರಿಮೂವ್‌ಗೆ ‘ಗೂಗಲ್ ತೆಗೆದುಹಾಕಿದೆ’ ಎನ್ನಿ. ಬರೀ ‘ತೆಗೆಯಲಾಗಿದೆ’ ಎಂದರೆ ಯಾರು ತೆಗೆದರೆಂಬ ಗೊಂದಲ ಉಳಿಯುತ್ತದೆ. ‘ತಿರಸ್ಕಾರ’ ಇರಲಿ, ಆದರೆ ‘ಅಪ್‌ಡೇಟ್ ತಿರಸ್ಕೃತ’ ಎಂದೇ ಬರೆಯಿರಿ. ‘ಆ್ಯಪ್ ತಿರಸ್ಕೃತ’ ಎಂದರೆ ಗಾಬರಿಯಾಗುತ್ತಾರೆ, ಹಳೆಯ ಆವೃತ್ತಿ ಸ್ಟೋರ್‌ನಲ್ಲಿ ಹಾಗೇ ಇದ್ದರೂ.

ರಿಮೂವ್ ಆದ ಆ್ಯಪನ್ನು ತಪ್ಪು ಸರಿಪಡಿಸಿ ಮತ್ತೆ ಸಲ್ಲಿಸಬಹುದು. ಸಸ್ಪೆಂಡ್ ಆದರೆ ಆ ದಾರಿಯಿಲ್ಲ: ಮೇಲ್ಮನವಿ ಗೆಲ್ಲಬೇಕು, ಖಾತೆಯ ಮೇಲೂ ಕಪ್ಪುಚುಕ್ಕೆ ಬೀಳುತ್ತದೆ. ಇದಕ್ಕೆ ‘ಅಮಾನತು’ ಒಪ್ಪುತ್ತದೆ. ಸರ್ಕಾರಿ ನೌಕರರ ಅಮಾನತು, ವಜಾ ಎರಡರ ವ್ಯತ್ಯಾಸ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ‘ರದ್ದು’ ಪದವನ್ನು ಡೆವಲಪರ್ ಖಾತೆಯೇ ಮುಚ್ಚಿಹೋಗುವ ಟರ್ಮಿನೇಶನ್‌ಗೆ ಉಳಿಸಿಕೊಳ್ಳಿ.

ಆ್ಯಪಲ್‌ನ ‘ಫೇಸ್ಡ್ ರಿಲೀಸ್’ಗೆ ‘ಹಂತದ ಬಿಡುಗಡೆ’ ಎನ್ನಬಹುದು, ಒಂದು ಅಡಿಟಿಪ್ಪಣಿ ಬೇಕು: 7 ದಿನಗಳಲ್ಲಿ ಶೇ 1, 2, 5, 10, 20, 50, 100 ಎಂದು ಏರುವುದು ಸ್ವಯಂಚಾಲಿತ ಅಪ್‌ಡೇಟ್ ಮಾತ್ರ. ತಾವಾಗಿ ಅಪ್‌ಡೇಟ್ ಒತ್ತಿದವರಿಗೆ ಮೊದಲ ದಿನವೇ ಸಿಗುತ್ತದೆ.